ಮೊದಲಿದ್ದ ಆ ಆನಂದ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಯೇಸುವನ್ನು ನಂಬಿ ಒಂಬತ್ತು ವರ್ಷ ಆಯಿತು. ಮೊದಮೊದಲು ಪ್ರಾರ್ಥನೆಗೆ ಕೂತರೆ ಏಳಲು ಮನಸ್ಸೇ ಆಗುತ್ತಿರಲಿಲ್ಲ. ಹಾಡುವಾಗ ಕಣ್ಣು ತುಂಬಿ ಬರುತ್ತಿತ್ತು. ಈಗಲೂ ಸಭೆಗೆ ಹೋಗುತ್ತೇನೆ, ವಾಕ್ಯ ಓದುತ್ತೇನೆ, ಆದರೆ ಏನೂ ಅನಿಸುವುದಿಲ್ಲ. ನನ್ನಲ್ಲಿ ಯಾವುದೋ ಪಾಪ ಉಳಿದಿದೆಯಾ? ದೇವರು ನನ್ನನ್ನು ಬಿಟ್ಟುಬಿಟ್ಟರಾ? ಆ ಸಂತೋಷ ಮತ್ತೆ ಬರುತ್ತಾ?

ಉತ್ತರ: ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಆರಾಧನೆ ಮುಗಿದು ಎಲ್ಲರೂ ಎದ್ದ ಮೇಲೆ, ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಹಾಗಾಗಿ ಪ್ರತಿಯೊಬ್ಬರಿಗೂ ಇದು ತಮ್ಮೊಬ್ಬರ ಕಾಯಿಲೆ ಅನಿಸುತ್ತದೆ. ಹಾಗೇನಿಲ್ಲ.

ದೇವರು ಬಿಟ್ಟುಬಿಟ್ಟರಾ ಅನ್ನುವುದನ್ನು ಮೊದಲು ನೋಡೋಣ. ಬೈಬಲಿನ 51ನೇ ಕೀರ್ತನೆಯಲ್ಲಿ ಅರಸ ದಾವೀದ ಬೇಡುವುದು ಏನನ್ನು? ರಕ್ಷಣೆಯನ್ನು ಮತ್ತೆ ಕೊಡು ಅಂತ ಅಲ್ಲ, ರಕ್ಷಣೆಯ ಆನಂದವನ್ನು ಮತ್ತೆ ಕೊಡು ಅಂತ. ಎರಡೂ ಒಂದೇ ಅಲ್ಲ. ಮನೆಯಲ್ಲಿ ದೀಪ ಆರಿದೆ ಅಂದರೆ ಮನೆಯೇ ಕೈಬಿಟ್ಟಿತು ಅಂತ ಅರ್ಥವಲ್ಲವಲ್ಲ. ನಿಮಗೆ ಏನೂ ಅನಿಸದೇ ಇರುವುದು ನಿಮ್ಮ ಸ್ಥಿತಿಯ ಬಗ್ಗೆ ಹೇಳುತ್ತದೆ. ದೇವರು ಎಲ್ಲಿದ್ದಾರೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಇನ್ನು ಪಾಪದ ಮಾತು. ಕೆಲವು ಸಲ ಕಾರಣ ನಿಜವಾಗಿಯೂ ಅದೇ. ದಾವೀದನ ವಿಷಯದಲ್ಲಿ ಅದೇ ಆಗಿತ್ತು. 32ನೇ ಕೀರ್ತನೆಯಲ್ಲಿ ಅವನೇ ಹೇಳುತ್ತಾನೆ: ಬಾಯಿ ಮುಚ್ಚಿಕೊಂಡು ಇದ್ದಷ್ಟು ದಿನ ಎಲುಬುಗಳು ಸವೆದವು, ಬೇಸಿಗೆಯ ಬಿಸಿಲಿಗೆ ಸಿಕ್ಕಂತೆ ಸಾರವೆಲ್ಲ ಒಣಗಿಹೋಯಿತು ಅಂತ. ಆದರೆ ಒಂದನ್ನು ಗಮನಿಸಿ. ಪ್ರವಾದಿ ನಾತಾನ ಬಂದಾಗ 'ನಿನ್ನಲ್ಲಿ ಏನೋ ಸರಿಯಿಲ್ಲ' ಅಂತ ಮಬ್ಬುಮಬ್ಬಾಗಿ ಹೇಳಲಿಲ್ಲ. ಊರೀಯನ ಹೆಸರು ಹಿಡಿದು, ಅವನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತೆಗೆದುಕೊಂಡೆ, ನೀನು ಮಾಡಿದ್ದು ಇದು ಅಂತ ಹೇಳಿದ. ನಿಮಗೂ ಹಾಗೆ ಹೆಸರಿಟ್ಟು ಹೇಳಬಹುದಾದ ಒಂದು ಪಾಪ ಕಣ್ಣೆದುರಿಗೆ ಇದ್ದರೆ, ಅದನ್ನು ಇವತ್ತೇ ದೇವರ ಮುಂದೆ ಒಪ್ಪಿಕೊಳ್ಳಿ. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಹೋಗಿ ಸರಿಮಾಡಿ. ಇದನ್ನು ಸುತ್ತಿ ಬಳಸಿ ಹೋಗುವ ದಾರಿ ಇಲ್ಲ. ಅಂಥದ್ದು ಏನೂ ಕಾಣದಿದ್ದರೆ ಸುಮ್ನೆ ಕೆದಕುತ್ತಾ ಕೂರಬೇಡಿ. ಕೆದಕಿದಷ್ಟೂ ಏನಾದರೂ ಸಿಗುತ್ತಲೇ ಇರುತ್ತದೆ. ಕಣ್ಣು ಮಾತ್ರ ಕ್ರಿಸ್ತನ ಮೇಲಿಂದ ಸರಿದು ನಮ್ಮ ಮೇಲೇ ನೆಟ್ಟುಬಿಡುತ್ತದೆ.

ಯಾಕೆಂದರೆ ಆನಂದ ಹೋಗುವುದಕ್ಕೆ ಪಾಪವೊಂದೇ ಕಾರಣ ಅಲ್ಲ. ಪ್ರವಾದಿ ಎಲೀಯನನ್ನು ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಮನುಷ್ಯ. ರಾಣಿ ಈಜೆಬೆಲಳ ಬೆದರಿಕೆ ಬಂದದ್ದೇ ತಡ, ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ದೇವರೇ, ನನ್ನ ಪ್ರಾಣ ತೆಗೆದುಬಿಡು ಅಂದ. ಆಗ ದೇವದೂತ ಬಂದು ಏನು ಮಾಡಿದ? ಗದರಲಿಲ್ಲ, ಪ್ರಾರ್ಥನೆ ಮಾಡು ಅನ್ನಲಿಲ್ಲ. ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರು ಮೆಲ್ಲನೆಯ ದನಿಯಲ್ಲಿ ಮಾತಾಡಿದ್ದು ಆಮೇಲೆ, ಅದಕ್ಕೆ ಮುಂಚೆ 40 ದಿನಗಳ ನಡಿಗೆ. 1 ಅರಸುಗಳು 19ರಲ್ಲಿ ಇದೆ, ಓದಿ. ವರ್ಷಗಟ್ಟಲೆ ಸಭೆಯ ಎಲ್ಲ ಕೆಲಸಕ್ಕೂ ಹೆಗಲು ಕೊಟ್ಟು, ಸರಿಯಾಗಿ ನಿದ್ದೆ ಮಾಡದೆ, ಈಗ 'ನನ್ನ ಭಕ್ತಿ ತಣ್ಣಗಾಯಿತು' ಅಂತ ಅಳುವವರಿಗೆ ಮೊದಲು ಬೇಕಿರುವುದು ಉಪವಾಸ ಪ್ರಾರ್ಥನೆ ಅಲ್ಲ, ನಿದ್ದೆ.

ಇಲ್ಲೇ ಇನ್ನೊಂದು ಮಾತು. ಪ್ರಾರ್ಥನೆ ಮಾತ್ರವಲ್ಲ, ಮಕ್ಕಳ ನಗು, ಇಷ್ಟದ ಕೆಲಸ, ಗೆಳೆಯರ ಮಾತು, ಯಾವುದೂ ರುಚಿಸುತ್ತಿಲ್ಲ, ನಿದ್ದೆ ಊಟ ಕೆಟ್ಟಿದೆ, ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಹೀಗೇ ಇದೆ ಅಂದರೆ ಅದು ಖಿನ್ನತೆ ಇರಬಹುದು. ವೈದ್ಯರನ್ನು ನೋಡಿ. ಎಲೀಯನ ಹಾಗೆ ಸಾಯುವ ಯೋಚನೆ ಬರುತ್ತಿದ್ದರೆ ವಾರಗಟ್ಟಲೆ ಕಾಯಬೇಡಿ, ಇವತ್ತೇ ಯಾರಿಗಾದರೂ ಬಾಯಿಬಿಟ್ಟು ಹೇಳಿ. ಇದು ನಂಬಿಕೆಯ ಸೋಲಲ್ಲ. ಇಂಗ್ಲೆಂಡಿನ ಬೋಧಕ ಚಾರ್ಲ್ಸ್ ಸ್ಪರ್ಜನ್ ಅವರ ಬೋಧನೆ ಕೇಳಲು ಸಾವಿರಾರು ಜನ ಸೇರುತ್ತಿದ್ದರು. 1856ರಲ್ಲಿ ಲಂಡನ್ನಿನ ಒಂದು ಸಭಾಂಗಣದಲ್ಲಿ ಅವರು ಬೋಧಿಸುತ್ತಿದ್ದಾಗ ಯಾರೋ ಬೆಂಕಿ ಅಂತ ಕೂಗಿ, ನೂಕುನುಗ್ಗಲಾಗಿ 7 ಜನ ಸತ್ತರು. ಆಗ ಅವರಿಗೆ ಬರೀ 22 ವರ್ಷ. ಆಮೇಲೆ ಬದುಕಿಡೀ ಖಿನ್ನತೆ ಮತ್ತೆ ಮತ್ತೆ ಅವರನ್ನು ಕಾಡಿತು. ಅವರು ಅದನ್ನು ಮುಚ್ಚಿಡಲಿಲ್ಲ, ತಮ್ಮ ಬೋಧನೆಗಳಲ್ಲೇ ಅದರ ಬಗ್ಗೆ ಮಾತಾಡಿದರು.

ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ಜಾಸ್ತಿ ನೆನಪಾದದ್ದು ಗಲಾತ್ಯದ ಸಭೆಗಳು. ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ಅವರನ್ನು ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾನೆ (ಗಲಾತ್ಯ 4:15): ಆಗ ನಾವು ಧನ್ಯರು ಅಂದುಕೊಳ್ಳುತ್ತಿದ್ದಿರಲ್ಲ, ಅದೆಲ್ಲ ಈಗ ಎಲ್ಲಿ? ಅವರು ಹಾದಿ ತಪ್ಪಿ ಕುಡಿತಕ್ಕೋ ಜೂಜಿಗೋ ಬಿದ್ದಿದ್ದರಾ? ಇಲ್ಲ. ನಿಯಮಗಳನ್ನು ಜಾಸ್ತಿ ಮಾಡಿಕೊಂಡಿದ್ದರು. ಸುನ್ನತಿ ಆಗಬೇಕು, ಇಂಥ ದಿನ, ಇಂಥ ತಿಂಗಳು ಆಚರಿಸಬೇಕು, ಆಗಲೇ ದೇವರು ಪೂರ್ತಿ ಒಪ್ಪುತ್ತಾರೆ ಅಂತ ಯಾರೋ ಬಂದು ಹೇಳಿದ್ದರು. ಆನಂದ ಹೋದದ್ದು ಲೋಕಕ್ಕೆ ಮರಳಿದ್ದರಿಂದ ಅಲ್ಲ, ಲೆಕ್ಕ ಇಡಲು ಶುರು ಮಾಡಿದ್ದರಿಂದ.

ಇದು ನಮಗೆ ಗೊತ್ತಾಗದ ಹಾಗೆ ನಡೆಯುತ್ತದೆ. ಮೊದಲ ವರ್ಷ, ನನ್ನಂಥವನನ್ನೂ ಕರೆದರಲ್ಲಾ ಅಂತ ಪ್ರಾರ್ಥನೆಗೆ ಕೂರುತ್ತೇವೆ. ಐದನೇ ವರ್ಷಕ್ಕೆ, ಇವತ್ತು ಪ್ರಾರ್ಥನೆ ತಪ್ಪಿದರೆ ಏನಾಗುತ್ತೋ ಅಂತ ಕೂರುತ್ತೇವೆ. ಕೂರುವುದು ಅದೇ ಜಾಗ, ಅದೇ ಹೊತ್ತು. ಒಳಗಿನ ಮಾತು ಮಾತ್ರ ಬದಲಾಗಿದೆ. ನಾನೂ ಹೀಗೆ ಬಹಳ ದಿನ ಓದಿದ ಅಧ್ಯಾಯಗಳಿಗೆ ಪುಸ್ತಕದಲ್ಲಿ ಗುರುತು ಹಾಕುತ್ತಾ ಬಂದಿದ್ದೆ. ಒಂದು ದಿನ ನೋಡಿದರೆ ಗುರುತುಗಳೆಲ್ಲ ಇದ್ದವು, ಓದಿದ ಒಂದು ಸಾಲೂ ನೆನಪಿರಲಿಲ್ಲ!

ಯೇಸು ಹೇಳಿದ ದುಂದುಗಾರ ಮಗನ ಸಾಮ್ಯದಲ್ಲಿ, ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ಅಪ್ಪ ಔತಣ ಮಾಡಿಸಿದ್ದಕ್ಕೆ ಸಿಟ್ಟಾದ ಅಣ್ಣನ ಕಥೆಯೂ ಇದೇ. ಇಷ್ಟು ವರ್ಷ ಆಳಿನ ಹಾಗೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅನ್ನುತ್ತಾನೆ. ಮನೆಯೊಳಗೆ ಹಾಡು ಕುಣಿತ, ಅವನು ಹೊರಗೆ. ಅಪ್ಪನ ಉತ್ತರ ಏನು? ಮಗನೇ, ನೀನು ಯಾವಾಗಲೂ ನನ್ನ ಸಂಗಡ ಇದ್ದೀಯಲ್ಲ, ನನ್ನದೆಲ್ಲ ನಿನ್ನದೇ. ನಿಮಗೂ ಲೆಕ್ಕದ ರೋಗ ತಗುಲಿದೆ ಅನಿಸಿದರೆ, ಇನ್ನಷ್ಟು ಮಾಡಬೇಡಿ. ಒಂದು ತಿಂಗಳು ಕಡಿಮೆ ಓದಿ, ನಿಧಾನವಾಗಿ ಓದಿ. ಪ್ರಾರ್ಥನೆಯಲ್ಲಿ ಬೇಡಿಕೆಗಿಂತ ಮೊದಲು, ನೀವು ಸಂಪಾದಿಸದೆ ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಹೇಳಿ. ಲೂಕ 10ರಲ್ಲಿ ಶಿಷ್ಯರು ದೆವ್ವಗಳೂ ನಮಗೆ ಅಧೀನ ಅಂತ ಕುಣಿಯುತ್ತಾ ಬಂದಾಗ, ಯೇಸು ಅವರ ಸಂತೋಷವನ್ನು ಬೇರೆ ಕಡೆ ತಿರುಗಿಸಿದರು: ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ, ಅದಕ್ಕೆ ಸಂತೋಷಪಡಿ. ನಾವು ಮಾಡಿದ ಕೆಲಸ ಇವತ್ತು ಇರುತ್ತದೆ, ನಾಳೆ ಇಲ್ಲ. ಆ ಬರಹ ಅಳಿಯುವಂಥದ್ದಲ್ಲ.

ಹಾಗಾದರೆ ಒಂಬತ್ತು ವರ್ಷದ ಹಿಂದಿನ ಸಂತೋಷವೇ ಬರುತ್ತಾ? ಅದೇ ರೂಪದಲ್ಲಿ ಬರದೇ ಇರಬಹುದು. ಹೊಸತನದ ಪುಳಕ ಮದುವೆಯಲ್ಲೂ ಉಳಿಯುವುದಿಲ್ಲ, ಅಲ್ವಾ? ಪೌಲ ಫಿಲಿಪ್ಪಿಯವರಿಗೆ ಸಂತೋಷಿಸಿರಿ ಅಂತ ಬರೆದದ್ದು ಬೇಡಿ ತೊಟ್ಟ ಕೈಯಿಂದ. ಆ ಸಂತೋಷಕ್ಕೆ ಕಣ್ಣೀರು ಬರಲೇಬೇಕು ಅಂತೇನಿಲ್ಲ.

ಅಲ್ಲಿಯವರೆಗೆ 42 ಮತ್ತು 43ನೇ ಕೀರ್ತನೆಗಳನ್ನು ಒಟ್ಟಿಗೆ, ಬಾಯಿಬಿಟ್ಟು ಓದಿ. ಹಾಡುವವನು ತನ್ನ ಮನಸ್ಸಿಗೇ ಮೂರು ಸಲ ಕೇಳುತ್ತಾನೆ: ಯಾಕೆ ಕುಗ್ಗಿದ್ದೀ? ದೇವರನ್ನು ನಿರೀಕ್ಷಿಸು, ನಾನು ಇನ್ನೂ ಆತನನ್ನು ಸ್ತುತಿಸುವೆನು. ಮೂರನೇ ಸಲ ಕೇಳುವ ಹೊತ್ತಿಗೂ ಅವನ ದುಃಖ ಹೋಗಿರುವುದಿಲ್ಲ. ಹಾಡು ಅಲ್ಲಿಗೇ ಮುಗಿಯುತ್ತದೆ.