ಎದೆಯಲ್ಲಿ ಗಂಟಿದೆ, ನೋವಿಲ್ಲ. ಕಬ್ಬು ಕಡಿದು ಮುಗಿಯುವವರೆಗೆ ಕಾಯಬಹುದಾ?

ಪ್ರಶ್ನೆ: ನನಗೆ 43 ವರ್ಷ. ಮಂಡ್ಯ ಕಡೆಯ ಹಳ್ಳಿ. ಎರಡು ತಿಂಗಳ ಹಿಂದೆ ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಒತ್ತಿದರೂ ನೋವಿಲ್ಲ. ಅತ್ತೆ "ಹಾಲಿನ ಗಂಟು ಕಣಮ್ಮಿ, ತಾನೇ ಕರಗುತ್ತೆ ಬುಡು" ಅಂತಾರೆ. ನನ್ನ ಕೊನೆಯ ಮಗುವಿಗೆ 14 ವರ್ಷ. ನಮ್ಮ ಮನೆತನದಲ್ಲಿ ಯಾರಿಗೂ ಕ್ಯಾನ್ಸರ್ ಬಂದಿಲ್ಲ. ಕಬ್ಬು ಕಟಾವು ಮುಗಿದ ಮೇಲೆ ತೋರಿಸಿದರೆ ಸಾಲದಾ?

ಉತ್ತರ: ಸಾಲದು. ಈ ವಾರವೇ ತೋರಿಸಿ.

ಹೆದರಿಸೋದಕ್ಕೆ ಹೇಳುತ್ತಿಲ್ಲ. ಎದೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ನೀರು ತುಂಬಿದ ಗುಳ್ಳೆ ಇರಬಹುದು. ಫೈಬ್ರೋಅಡಿನೋಮಾ ಅನ್ನುವ, ಅಪಾಯವಿಲ್ಲದ ಗಡ್ಡೆ ಇರಬಹುದು. ಆದರೆ ಯಾವುದು ಏನು ಅಂತ ಬರೀ ಮುಟ್ಟಿ ಖಚಿತವಾಗಿ ಹೇಳಲಾಗುವುದಿಲ್ಲ. ನಿಮ್ಮ ಕೈಗೂ ಗೊತ್ತಾಗದು, ಅತ್ತೆಯವರ ಕೈಗೂ ಗೊತ್ತಾಗದು, ಪಳಗಿದ ಡಾಕ್ಟರ ಕೈಗೂ ಗೊತ್ತಾಗದು. ಹಾಲಿನ ಗಂಟು ಅನ್ನೋದು ಎದೆಹಾಲು ಕೊಡುತ್ತಿರುವ ತಾಯಂದಿರ ಮಾತು. ಹಾಲು ಬಿಡಿಸಿ ಹತ್ತು ವರ್ಷದ ಮೇಲಾದವರಿಗೆ ಆ ಲೆಕ್ಕ ಹಿಡಿಯುವುದಿಲ್ಲ.

"ನೋವಿಲ್ಲ" ಅನ್ನುವ ಒಂದು ಮಾತು ನಮ್ಮ ಕಡೆಯ ಎಷ್ಟೋ ಹೆಂಗಸರನ್ನು ಮನೆಯಲ್ಲೇ ಕೂರಿಸಿಬಿಟ್ಟಿದೆ. ಹಲ್ಲು ನೋಯಬೇಕು, ಸೊಂಟ ಹಿಡಿಯಬೇಕು, ಆಗಲೇ ಅದು ಕಾಯಿಲೆ ಅಂತ ನಮಗೆ ಅಭ್ಯಾಸ. ಸ್ತನ ಕ್ಯಾನ್ಸರ್ ಹಾಗೆ ಬರುವುದಿಲ್ಲ. ಅದು ಹೆಚ್ಚಾಗಿ ಶುರುವಾಗುವುದು ಹಾಲಿನ ನಾಳದ ಒಳಪದರದಲ್ಲಿ. ಅಲ್ಲಿ ಜೀವಕೋಶಗಳು ಸದ್ದಿಲ್ಲದೆ ಬೆಳೆಯುತ್ತಾ ಹೋಗುತ್ತವೆ. ಬಹಳಷ್ಟು ಜನರಿಗೆ ಮೊದಮೊದಲು ನೋವೇ ಇರುವುದಿಲ್ಲ. ಮುಟ್ಟಿನ ಮುಂಚೆ ಎರಡೂ ಕಡೆ ಬಿಗಿದು ನೋಯುತ್ತದಲ್ಲ, ಅದು ಸಾಮಾನ್ಯವಾಗಿ ಹಾರ್ಮೋನಿನ ಏರಿಳಿತ. ಹಾಗಂತ ನೋವಿರುವ ಗಂಟನ್ನು ಬಿಡಿ ಅಂತಲ್ಲ. ನೋವನ್ನು ಅಳತೆಗೋಲು ಮಾಡಿಕೊಳ್ಳಬೇಡಿ, ಅಷ್ಟೇ.

ಮನೆತನದ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಸ್ತನ ಕ್ಯಾನ್ಸರ್ ಬಂದ ಹೆಚ್ಚಿನ ಹೆಂಗಸರ ಮನೆಯಲ್ಲಿ ಅದಕ್ಕೆ ಮೊದಲು ಯಾರಿಗೂ ಬಂದಿರುವುದಿಲ್ಲ. ಬಿಆರ್‌ಸಿಎ ಥರದ ಜೀನ್‌ಗಳಿಂದ ವಂಶದಲ್ಲಿ ಹರಿದು ಬರುವುದು ನೂರರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ.

ನಮ್ಮ ಚಿಕ್ಕಮ್ಮನ ಊರು ಶ್ರೀರಂಗಪಟ್ಟಣದ ಹತ್ತಿರ. ಅವರಿಗೂ ಹೀಗೇ ಗಂಟು ಸಿಕ್ಕಿತ್ತು. ದಸರಾ ಕಳೀಲಿ ಅಂದರು. ಆಮೇಲೆ ಭತ್ತದ ಕೊಯ್ಲು ಬಂತು. ಆಮೇಲೆ ಮಗಳ ಸೀಮಂತ. ನಡುವೆ ಹರಳೆಣ್ಣೆ ಹಚ್ಚಿ ಬಟ್ಟೆ ಕಾಯಿಸಿ ಶಾಖ ಕೊಟ್ಟುಕೊಳ್ಳುತ್ತಿದ್ದರು. ಒಂದು ದಿನ ರವಿಕೆ ಹಾಕುವಾಗ ಬಲಗಡೆ ತೊಟ್ಟು ಒಳಕ್ಕೆ ಎಳೆದುಕೊಂಡಿರುವುದು ಕಂಡಿತು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು, ಕಂಕುಳಿಗೂ ಹರಡಿತ್ತು. ಚಿಕ್ಕಮ್ಮ ಉಳಿದರು, ದೇವರು ದೊಡ್ಡವನು. ಆದರೆ ಎದೆ ಪೂರ್ತಿ ತೆಗೆಯಬೇಕಾಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲಿಂದ ಬಲಗೈ ಬಾತುಕೊಂಡೇ ಇದೆ. ಬಳೆ ಅಂಗಡಿಗೆ ಹೋದರೆ ಎರಡು ಕೈಗೆ ಎರಡು ಅಳತೆ ಕೇಳುತ್ತಾರೆ. ಅವರು ಹಾಗೆ ಕೇಳುವಾಗ ಪಕ್ಕದಲ್ಲಿ ನಿಂತಿರೋದಕ್ಕೆ ನನಗೆ ಈಗಲೂ ಕಷ್ಟವಾಗುತ್ತದೆ. ಗಂಟು ಚಿಕ್ಕದಿರುವಾಗಲೇ ಬಂದರೆ ಎಷ್ಟೋ ಜನರಿಗೆ ಗಂಟನ್ನಷ್ಟೇ ತೆಗೆದು ಎದೆ ಉಳಿಸುತ್ತಾರೆ.

ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಒಂದೇ ವರ್ಷಕ್ಕೆ ಸುಮಾರು 1.9 ಲಕ್ಷ ಹೊಸ ಪ್ರಕರಣ. ಶ್ರೀಮಂತ ದೇಶಗಳಲ್ಲಿ ಇದು ಬಂದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ, ನಮ್ಮಲ್ಲಿ ದಾಟುವವರು ಸುಮಾರು 66 ಜನ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಯಿಲೆ ಎರಡೂ ಕಡೆ ಒಂದೇ. ನಮ್ಮವರು ತಡವಾಗಿ ಬರುತ್ತಾರೆ, ಬಂದವರಿಗೂ ಚಿಕಿತ್ಸೆ ಪೂರ್ತಿ ಸಿಗುವುದಿಲ್ಲ.

ಈಗ ಎಲ್ಲಿಗೆ ಹೋಗೋದು? ತುಂಬಾ ಜನ ಹೆರಿಗೆ ಡಾಕ್ಟರ ಹತ್ತಿರ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಎದೆಯ ಗಂಟನ್ನು ನೋಡುವವರು ಸರ್ಜರಿ ವಿಭಾಗದವರು. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಚೀಟಿ ಮಾಡಿಸುವಾಗ "ಎದೆಯಲ್ಲಿ ಗಂಟು" ಅಂತ ಬಾಯಿಬಿಟ್ಟು ಹೇಳಿ, ಸರ್ಜರಿ ಒಪಿಡಿಗೆ ಬರೆಸಿಕೊಳ್ಳಿ. ಹಿಂದೆ ಗಂಡಸರು ನಿಂತಿರುತ್ತಾರೆ, ಸಂಕೋಚ ಆಗುತ್ತೆ, ನಿಜ. ಆದರೂ ಹೇಳಿ. ಮೊದಲ ಪರೀಕ್ಷೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆವರೆಗೆ ಹೋಗಬೇಕಾಗಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ, ಮುಂದೆ ಬೇರೆಡೆ ಹೋಗಬೇಕಾದಾಗ ರೆಫರಲ್ ಪತ್ರಕ್ಕೂ ಅನುಕೂಲ.

ಅಲ್ಲಿ ಮೊದಲು ಡಾಕ್ಟರು ಎರಡೂ ಎದೆ, ಎರಡೂ ಕಂಕುಳು ಮುಟ್ಟಿ ನೋಡುತ್ತಾರೆ. ಹೆಣ್ಣು ಡಾಕ್ಟರೋ ನರ್ಸೋ ಜೊತೆಗಿರಲಿ ಅಂತ ನೀವು ಕೇಳಬಹುದು. ಆಮೇಲೆ ಸ್ಕ್ಯಾನಿಂಗ್ ಅಥವಾ ಮ್ಯಾಮೋಗ್ರಾಮ್. ಮ್ಯಾಮೋಗ್ರಾಮ್ ಅಂದರೆ ಎದೆಯ ಎಕ್ಸ್-ರೇ. ಎರಡು ಹಲಗೆಗಳ ನಡುವೆ ಎದೆಯನ್ನಿಟ್ಟು ಕೆಲವು ಸೆಕೆಂಡ್ ಅದುಮುತ್ತಾರೆ. ಸ್ವಲ್ಪ ನೋಯಬಹುದು, ಅಷ್ಟರಲ್ಲಿ ಮುಗಿದಿರುತ್ತದೆ. ಆ ದಿನ ಕಂಕುಳಿಗೆ ಪೌಡರ್ ಹಾಕಿಕೊಂಡು ಹೋಗಬೇಡಿ, ಚಿತ್ರದಲ್ಲಿ ಚುಕ್ಕಿಯಾಗಿ ಕಂಡು ಗೊಂದಲವಾಗುತ್ತದೆ.

ಅನುಮಾನ ಉಳಿದರೆ ಬಯಾಪ್ಸಿ. ಜಾಸ್ತಿ ಜನ ಓಡಿಹೋಗೋದು ಇಲ್ಲೇ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ" ಅನ್ನೋ ಮಾತು ಪ್ರತಿ ಊರಲ್ಲೂ ಇದೆ. ಅದು ಸುಳ್ಳು. ಆ ಜಾಗ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಶಾವಿಗೆ ಎಳೆಯಷ್ಟು ತೆಳ್ಳಗಿನ ಕೆಲವು ಚೂರು ತೆಗೆಯುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಔಷಧಿ ಹಿಡಿಯುತ್ತದೆ ಅನ್ನೋದು ಆ ಚೂರಿನಿಂದಲೇ ಗೊತ್ತಾಗೋದು. ಬೇಡ ಅಂತ ಎದ್ದು ಬರಬೇಡಿ.

ಗಂಟು ಇಲ್ಲದವರಿಗೂ ಒಂದು ಮಾತು. ತಿಂಗಳಿಗೊಮ್ಮೆ ನಿಮ್ಮ ಎದೆಯನ್ನು ನೀವೇ ನೋಡಿಕೊಳ್ಳಿ. ಮುಟ್ಟು ಶುರುವಾಗಿ ಒಂದು ವಾರದ ಹೊತ್ತಿಗೆ ಎದೆ ಮೃದುವಾಗಿರುತ್ತದೆ. ಮುಟ್ಟು ನಿಂತವರು ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ಕನ್ನಡಿ ಮುಂದೆ ಕೈ ಕೆಳಗಿಟ್ಟು, ಆಮೇಲೆ ಮೇಲೆತ್ತಿ ನೋಡಿ. ಚರ್ಮ ಗುಳಿ ಬಿದ್ದಿದೆಯಾ, ಕಿತ್ತಳೆ ಸಿಪ್ಪೆ ಥರ ಆಗಿದೆಯಾ, ತೊಟ್ಟು ಹೊಸದಾಗಿ ಒಳಗೆ ಹೋಗಿದೆಯಾ, ಅದರಿಂದ ರಕ್ತ ಜಿನುಗುತ್ತಿದೆಯಾ, ಅದರ ಮೇಲೆ ವಾಸಿಯಾಗದ ಗಾಯ ಇದೆಯಾ. ಆಮೇಲೆ ಸೋಪು ಹಚ್ಚಿದ ಮೈಮೇಲೆ ನಡುವಿನ ಮೂರು ಬೆರಳಿನ ಹೊಟ್ಟೆಯಿಂದ ಒತ್ತುತ್ತಾ ಹೋಗಿ. ಬೆರಳ ತುದಿಯಿಂದ ಚಿವುಟಬೇಡಿ. ರಂಗೋಲಿಗೆ ಚುಕ್ಕಿ ಇಟ್ಟುಕೊಂಡು ಹೋಗುತ್ತೀರಲ್ಲ, ಹಾಗೆ ಸಾಲು ಸಾಲಾಗಿ, ಒಂದು ಚುಕ್ಕಿಯೂ ತಪ್ಪದಂತೆ, ಕತ್ತಿನ ಕೆಳಗಿನ ಅಡ್ಡ ಎಲುಬಿನಿಂದ ಎದೆಯ ಕೆಳಗಿನ ಗೆರೆವರೆಗೆ. ಕಂಕುಳನ್ನು ಮರೆಯಬೇಡಿ. ಇದು ಡಾಕ್ಟರ ಪರೀಕ್ಷೆಯ ಬದಲಿಗಲ್ಲ. ನಿಮ್ಮ ಮೈ ನಿಮಗೆ ಪರಿಚಯವಿದ್ದರೆ ಬದಲಾವಣೆ ಬೇಗ ಗೊತ್ತಾಗುತ್ತದೆ.

30 ದಾಟಿದ ಹೆಂಗಸರ ಎದೆಯನ್ನು ಐದು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮುಟ್ಟಿ ಪರೀಕ್ಷಿಸಬೇಕು ಅಂತ ಕೇಂದ್ರ ಸರ್ಕಾರದ ಕಾರ್ಯಕ್ರಮವೇ ಇದೆ. ಮನೆಗೆ ಬರುವ ಆಶಾ ಅಕ್ಕನನ್ನು ಕೇಳಿ. ಮುಟ್ಟಿ ನೋಡಿದರೆ ಏನು ಬಂತು ಅನ್ನಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷೆ ಮಾಡಿದ ಗುಂಪಿನಲ್ಲಿ, 50 ದಾಟಿದವರ ಪೈಕಿ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಗಿತ್ತು.

ಆಹಾರ, ಅಭ್ಯಾಸದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಮಗುವಿಗೆ ಎದೆಹಾಲು ಕೊಟ್ಟಷ್ಟೂ ತಾಯಿಗೆ ಒಳ್ಳೆಯದು. ಮುಟ್ಟು ನಿಂತ ಮೇಲೆ ತೂಕ ಏರದಂತೆ ನೋಡಿಕೊಳ್ಳಿ. ಹೊಲದಲ್ಲಿ ದುಡಿಯುವವರಿಗೆ ನಡಿಗೆಯ ಪಾಠ ಬೇಡ. ಮೈಸೂರಿನಲ್ಲಿ ಕೂತು ಕೆಲಸ ಮಾಡುವವರು ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಚುರುಕಾಗಿ ನಡೆಯಿರಿ. ಮದ್ಯ ಸ್ವಲ್ಪವಾದರೂ ಅಪಾಯ ಹೆಚ್ಚಿಸುತ್ತದೆ. ಕಪ್ಪು ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತೆ ಅನ್ನೋದು ಕಟ್ಟುಕಥೆ. ಇಷ್ಟೆಲ್ಲ ಪಾಲಿಸಿದವರಿಗೂ ಕಾಯಿಲೆ ಬರಬಹುದು, ಬಂದರೆ ಅದು ಅವರ ತಪ್ಪಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹೊರಡುವಾಗ ಆಧಾರ್, ರೇಷನ್ ಕಾರ್ಡ್ ಇಟ್ಟುಕೊಳ್ಳಿ. ಗಂಟು ಸಿಕ್ಕಿದ್ದು ಯಾವಾಗ, ಕಳೆದ ಸಲ ಮುಟ್ಟಾದದ್ದು ಯಾವಾಗ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅತ್ತೆಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರೂ 50 ದಾಟಿರುತ್ತಾರಲ್ವಾ? ಅದೇ ದಿನ ಅವರ ಹೆಸರಲ್ಲೂ ಒಂದು ಚೀಟಿ ಮಾಡಿಸಿ.