2 ಬರೆದರೆ 1ಕ್ಕೆ ಏಟು ಬೀಳಲ್ಲ

ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದಲ್ಲಿ ಮತದಾರರು ತಮ್ಮ ಇಷ್ಟದ ಕ್ರಮದಲ್ಲಿ ಅಭ್ಯರ್ಥಿಗಳ ಮುಂದೆ 1, 2, 3 ಅಂತ ಬರೆಯುತ್ತಾರೆ. ಅದರ ಎಣಿಕೆಯಲ್ಲಿ ನನಗೆ ಹೊಟ್ಟೆ ಉರಿಸುವ ಒಂದು ಘಳಿಗೆ ಇದೆ. ಕೊನೆಯಲ್ಲಿದ್ದ ಅಭ್ಯರ್ಥಿ ಎಲಿಮಿನೇಟ್ ಆಗುತ್ತಾನೆ. ಅವನ ಕಟ್ಟು ಬಿಚ್ಚಿ, ಪ್ರತಿ ಮತಪತ್ರದಲ್ಲೂ 2 ಯಾರ ಮುಂದಿದೆ ಅಂತ ಹುಡುಕುತ್ತೇವೆ. ಯಾವುದೋ ಒಂದರಲ್ಲಿ ನೇರಳೆ ಸ್ಕೆಚ್ ಪೆನ್ನಿನಲ್ಲಿ ಬರೆದ 1 ಮಾತ್ರ ಇರುತ್ತದೆ. ಉಳಿದದ್ದೆಲ್ಲ ಖಾಲಿ. ಆ ಕಾಗದ ಪಕ್ಕಕ್ಕೆ ಹೋಗುತ್ತದೆ, ಮುಂದಿನ ಸುತ್ತಿಗೆ ಬರುವುದಿಲ್ಲ.

ಒಮ್ಮೆ ತರಬೇತಿಯಲ್ಲಿ ಒಬ್ಬ ಮೇಷ್ಟ್ರು ಕೇಳಿದರು, "ಸರ್, ಇನ್ನೊಬ್ಬರಿಗೆ 2 ಕೊಟ್ಟರೆ ನಮ್ಮ ಕ್ಯಾಂಡಿಡೇಟ್ ಮತ ಕಡಿಮೆ ಆಗಲ್ವಾ?" ಒಳ್ಳೆಯ ಮನುಷ್ಯ, ಗಣಿತದ ಮೇಷ್ಟ್ರು ಬೇರೆ! ಆಗಲ್ಲ ಮೇಷ್ಟ್ರೇ. ನಿಮ್ಮವನು ಕಣದಲ್ಲಿ ಇರುವ ತನಕ ನಿಮ್ಮ 2ನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನು ಗೆದ್ದರೆ ಅದರ ಕೆಲಸವೇ ಇಲ್ಲ. ಅವನು ಹೊರಗೆ ಬಿದ್ದರೆ ಮಾತ್ರ ಅದಕ್ಕೆ ಜೀವ. ಆಗ ಅವನಿಗೆ ಕಳೆದುಕೊಳ್ಳಲು ಏನೂ ಉಳಿದಿರಲ್ಲ, ಅಲ್ವಾ? ಇದನ್ನೇ ನಾಲ್ಕು ಚೀಟಿ ಹರಿದು ಮೇಜಿನ ಮೇಲೆ ಮಾಡಿ ತೋರಿಸಿದೆ. ಆಮೇಲೆ ಅವರಿಗೆ ಒಪ್ಪಿಗೆಯಾಯಿತು.

ಈ ಭಯ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಅಲಾಸ್ಕಾದಲ್ಲಿ 2022ರಲ್ಲಿ ಸಂಸತ್ ಸೀಟಿಗೆ ಉಪಚುನಾವಣೆ ನಡೆಯಿತು. ಪ್ರಾಥಮಿಕ ಸುತ್ತಿನಲ್ಲಿ ಎಲ್ಲ ಪಕ್ಷದವರೂ ಸೇರಿ 48 ಜನ, ಒಂದೇ ಪಟ್ಟಿ. ಅಲ್ಲಿ ಒಬ್ಬರಿಗಷ್ಟೇ ಗುರುತು. 1, 2, 3 ಬರೆಯುವುದು ಆಗಸ್ಟಿನ ಅಂತಿಮ ಸುತ್ತಿನಲ್ಲಿ. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಮೇಲಿನ ನಾಲ್ವರಲ್ಲಿ ಒಬ್ಬರು ಹಿಂದೆ ಸರಿದು ಮೂವರು ಉಳಿದರು: ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ, ರಿಪಬ್ಲಿಕನ್ ಪಕ್ಷದ ಸಾರಾ ಪೇಲಿನ್ ಮತ್ತು ನಿಕ್ ಬೆಗಿಚ್. ಬೆಗಿಚ್ ಮೊದಲು ಹೊರಬಿದ್ದರು. ಅವರ ಸುಮಾರು 53 ಸಾವಿರ ಮತಗಳಲ್ಲಿ ಅರ್ಧದಷ್ಟು ಪೇಲಿನ್‌ಗೆ, 15 ಸಾವಿರ ಪೆಲ್ಟೋಲಾಗೆ ಹೋದವು. 11 ಸಾವಿರಕ್ಕೂ ಜಾಸ್ತಿ ಕಾಗದಗಳಲ್ಲಿ ಮುಂದಿನ ಆಯ್ಕೆಯೇ ಇರಲಿಲ್ಲ. ಪೆಲ್ಟೋಲಾ ಗೆದ್ದ ಅಂತರ 5 ಸಾವಿರ ಚಿಲ್ಲರೆ!

ಆ 11 ಸಾವಿರ ಜನ ಬರೆದಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಅಂತ ನಾನು ಹೇಳಲಾರೆ. ಉಳಿದಿಬ್ಬರೂ ಬೇಡ ಅನ್ನಿಸಿ ಬಿಟ್ಟವರೂ ಇರಬಹುದು. ಅದು ಅವರ ಹಕ್ಕು. ಸುಮ್ನೆ ಹೆದರಿ ಬಿಟ್ಟವರನ್ನು ನೆನೆದರೆ ಮಾತ್ರ ನನಗೆ ಸಂಕಟವಾಗುತ್ತದೆ.

ನಮ್ಮ ಪರಿಷತ್ ಚುನಾವಣೆಗೆ ಇನ್ನೊಂದು ಮಾತು. 1 ಬರೆಯದೆ 2 ಬರೆದರೆ ಮತ ಅಸಿಂಧು. ಅಂಕಿಯ ಬದಲು ಟಿಕ್ ಹಾಕಿದರೂ ಅಷ್ಟೇ. ಕೊಟ್ಟ ಪೆನ್ನನ್ನೇ ಬಳಸಿ, ಸಹಿ ಮಾಡಬೇಡಿ.