ಹುಲಿಯ ಹಸಿವಿನ ಲೆಕ್ಕ

ವಯಸ್ಕ ಹುಲಿಯೊಂದು ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ಬೇಟೆಯಾಡುತ್ತದೆ. ಕಾಡಿನ ಜಿಂಕೆ, ಕಡವೆ, ಕಾಟಿ, ಹಂದಿಗಳಲ್ಲಿ ಪ್ರತಿವರ್ಷ ಹತ್ತನೇ ಒಂದು ಪಾಲು ಹುಲಿಯ ಬಾಯಿಗೆ ಬಿದ್ದರೂ ಉಳಿದವು ಮರಿ ಹಾಕಿ ಆ ನಷ್ಟವನ್ನು ತುಂಬಿಕೊಳ್ಳಬಲ್ಲವು ಎಂಬುದು ವನ್ಯಜೀವಿ ವಿಜ್ಞಾನಿಗಳ ಅಂದಾಜು. ಅಂದರೆ ಒಂದು ಹುಲಿ ಬಾಳಬೇಕಾದರೆ ಅದರ ಸುತ್ತ 500ರಷ್ಟು ಪ್ರಾಣಿಗಳಿರಬೇಕು. ಅವುಗಳಿಗೆ ಹುಲ್ಲು, ಚಿಗುರು, ಬೇಸಿಗೆಯಲ್ಲೂ ಬತ್ತದ ನೀರು ಇರಬೇಕು. ಹುಲಿ ಸಂರಕ್ಷಣೆಯ ಮಹತ್ವವೆಲ್ಲ ಈ ಲೆಕ್ಕದಲ್ಲಿಯೇ ಅಡಗಿದೆ ಎಂದು ನಾನು ನಂಬುತ್ತೇನೆ.

ನಾಗರಹೊಳೆಯಂತಹ ಸಮೃದ್ಧ ಕಾಡಿನಲ್ಲಿ ಹೆಣ್ಣುಹುಲಿಗೆ ಸುಮಾರು 20 ಚದರ ಕಿಲೋಮೀಟರ್ ನೆಲೆ ಸಾಕಾಗುತ್ತದೆ. ಬೇಟೆ ವಿರಳವಾಗಿರುವ ರಷ್ಯಾದ ಪೂರ್ವದಂಚಿನ ಹಿಮದ ಕಾಡುಗಳಲ್ಲಾದರೋ ಅದಕ್ಕೆ 400 ಚದರ ಕಿಲೋಮೀಟರ್ ಬೇಕಾಗುತ್ತದೆ. ಮರಗಳು ಹಸಿರಾಗಿ ನಿಂತ ಮಾತ್ರಕ್ಕೆ ಕಾಡು ಬದುಕಿದೆಯೆಂದು ಹೇಳಲಾಗದು. ಕಾಂಬೋಡಿಯಾದಲ್ಲಿ ವಿಶಾಲವಾದ ಕಾಡು ಇದ್ದಾಗಲೇ ಉರುಳು ಮತ್ತು ಬಂದೂಕುಗಳು ಹುಲಿಯನ್ನೂ ಅದರ ಆಹಾರವನ್ನೂ ಬರಿದುಮಾಡಿದವು. ಅಲ್ಲಿ ಕಾಡಿನ ಹುಲಿ ಕೊನೆಯದಾಗಿ ಕ್ಯಾಮೆರಾಕ್ಕೆ ಸಿಕ್ಕಿದ್ದು 2007ರಲ್ಲಿ. ನಮ್ಮ ಸರಿಸ್ಕಾ ಮತ್ತು ಪನ್ನಾ ಅಭಯಾರಣ್ಯಗಳಲ್ಲಿ ಕಳ್ಳಬೇಟೆಯಿಂದ ಹುಲಿಗಳು ಪೂರ್ತಿ ಇಲ್ಲವಾದರೂ, ಬಲಿಪ್ರಾಣಿಗಳು ಉಳಿದಿದ್ದುದರಿಂದಲೇ 2008 ಮತ್ತು 2009ರಲ್ಲಿ ಬೇರೆಡೆಯಿಂದ ತಂದು ಬಿಟ್ಟ ಹುಲಿಗಳು ಅಲ್ಲಿ ಮತ್ತೆ ಸಂಸಾರ ಹೂಡಲು ಸಾಧ್ಯವಾಯಿತು.

ಹುಲಿಯ ಇರವು ಸಸ್ಯಾಹಾರಿಗಳ ನಡವಳಿಕೆಯನ್ನೂ ತಿದ್ದುತ್ತದೆ. ವಾಸನೆ ಹತ್ತಿದೊಡನೆ ಕಡವೆ ಬಾಲ ನಿಗುರಿಸಿ, ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಕಾಡೆಲ್ಲ ಕೇಳುವಂತೆ ಒಮ್ಮೆಲೇ ಕೂಗುತ್ತದೆ. ಆ ಕೂಗಿಗೆ ಜಿಂಕೆಗಳು ಮೇಯುವುದನ್ನು ಬಿಟ್ಟು ಜಾಗ ಬದಲಿಸುತ್ತವೆ. ಇದರಿಂದ ಎಳೆಯ ಸಸಿಗಳಿಗೆ ಎಷ್ಟು ಬಿಡುವು ದೊರೆಯುತ್ತದೆಂಬುದು ಕಾಡಿನಿಂದ ಕಾಡಿಗೆ ಬೇರೆಯಾಗುತ್ತದೆ.

ಮನುಷ್ಯರಿಗೆ ದೊರೆಯುವ ಲಾಭದಲ್ಲಿ ಮೊದಲನೆಯದು ನೀರು. ಹುಲಿಗಾಗಿ ಕಾದಿಟ್ಟ ಕಾಡಿನ ನೆಲ ಮಳೆನೀರನ್ನು ಹೀರಿಕೊಂಡು, ಮಣ್ಣು ಕೊಚ್ಚಿಹೋಗದಂತೆ ತಡೆದು, ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಹುಲಿಯನ್ನು ಎಂದೂ ಕಾಣದ ದೂರದ ರೈತನ ಗದ್ದೆಗೂ ಅದರ ಫಲ ತಲುಪುತ್ತದೆ. ಭಾರತದ ಹುಲಿ ಮೀಸಲು ಪ್ರದೇಶಗಳಲ್ಲಿ 2007ರಿಂದ 2020ರವರೆಗೆ ತಪ್ಪಿದ ಅರಣ್ಯನಾಶದಿಂದಾಗಿ ಸುಮಾರು 10 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರದೆ ಉಳಿಯಿತೆಂದು ಅಧ್ಯಯನವೊಂದು ಅಂದಾಜಿಸಿದೆ.

ಲಾಭ ಹೀಗೆ ಎಲ್ಲರಿಗೂ ಹಂಚಿಹೋದರೂ ನಷ್ಟ ಮಾತ್ರ ಕಾಡಂಚಿನವರ ಪಾಲಿಗೇ ಬೀಳುತ್ತದೆ, ಮತ್ತು ಅದು ಕೆಲವೊಮ್ಮೆ ಜೀವನಷ್ಟವೂ ಆಗಿರುತ್ತದೆ. ಈ ಅನ್ಯಾಯವನ್ನು ಮರೆಮಾಚಿ ಹುಲಿಯನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಹಸುವನ್ನು ಕೊಂದ ಹುಲಿ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಕಳೇಬರವನ್ನು ಪೊದೆಯ ಮರೆಗೆ ಎಳೆದಿಟ್ಟು ಎರಡು-ಮೂರು ದಿನ ಅದರ ಬಳಿಗೇ ಬರುತ್ತದೆ. ಹಸು ಕಳೆದುಕೊಂಡ ಸಂಕಟದಲ್ಲಿ ಯಾರಾದರೂ ಆ ಮಾಂಸಕ್ಕೆ ವಿಷ ಬೆರೆಸಿದರೆ ತಾಯಿಯೂ ಮರಿಗಳೂ ಒಟ್ಟಿಗೇ ಸಾಯುವ ಸಂಭವವಿರುವುದು ಈ ದಿನಗಳಲ್ಲಿಯೇ. ಆದ್ದರಿಂದ ಅಧಿಕಾರಿಗಳು ಮರುದಿನವೇ ಸ್ಥಳಕ್ಕೆ ಬಂದು ಹಸುವಿನ ನಿಜವಾದ ಬೆಲೆಯನ್ನು ತಡಮಾಡದೆ ಕೊಡುವಂತಾಗುವುದು ಅರಣ್ಯ ರಕ್ಷಕರ ಗಸ್ತಿನಷ್ಟೇ ತುರ್ತಿನ ಕೆಲಸವಾಗಿದೆ.